ಕೊಡಲಿ ಹಿಡಿದ ದರ್ಜಿ

ಟಿಟಿಪು ಎಂಬುದೊಂದು ಊರು. ಭೂಪಟದಲ್ಲಿ ಹುಡುಕಿದರೆ ಸಿಕ್ಕುವುದಿಲ್ಲ. ಅದು ಆಂಗ್ಲ ಕವಿಯೊಬ್ಬನು ಕಲ್ಪಿಸಿದ ಜಪಾನಿನ ಊರು. ಆ ದೇಶದ ಚಕ್ರವರ್ತಿಗೆ ಮಿಕಾಡೊ ಎಂದು ಹೆಸರು. ಅವನು ಒಂದು ಕಟ್ಟಳೆ ಹೊರಡಿಸಿದ್ದಾನೆ: ಮದುವೆಯ ಸಂಬಂಧವಿಲ್ಲದೆ ಹೆಣ್ಣಿನ ಕಡೆ ಕಣ್ಣು ಮಿಟುಕಿಸಿದವನ, ಸರಸದ ಮಾತಾಡಿದವನ ತಲೆಯನ್ನು ತೆಗೆಯತಕ್ಕದ್ದು. ಇದನ್ನು ಕೇಳಿ ಊರಿನ ಗಂಡಸರೆಲ್ಲ ಕತ್ತು ಮುಟ್ಟಿ ನೋಡಿಕೊಂಡರು. ಕಟ್ಟಳೆಯನ್ನು ಮೀರುವಂತಿಲ್ಲ, ಹಾಗೆಂದು ಪಾಲಿಸಿದರೆ ಊರಿನಲ್ಲಿ ಗಂಡಸರೇ ಉಳಿಯುವುದಿಲ್ಲ. ಆಗ ಹಿರಿಯರಿಗೆ ಒಂದು ಉಪಾಯ ಹೊಳೆಯಿತು. ಇದೇ ತಪ್ಪಿಗಾಗಿ ಮರಣದಂಡನೆಗೆ ಗುರಿಯಾಗಿ ಸೆರೆಯಲ್ಲಿದ್ದ ಕೋ-ಕೋ ಎಂಬ ಬಡ ದರ್ಜಿಯನ್ನು ಬಿಡಿಸಿ ತಂದರು. ಅವನನ್ನೇ ಊರಿನ ಪ್ರಧಾನ ವಧಾಧಿಕಾರಿಯನ್ನಾಗಿ ನೇಮಿಸಿದರು. ತಲೆ ಹೋಗಬೇಕಾದವರ ಸಾಲಿನಲ್ಲಿ ಮೊದಲನೆಯವನು ಅವನೇ. ತನ್ನ ತಲೆಯನ್ನು ತಾನು ಕಡಿದುಕೊಳ್ಳುವ ತನಕ ಇನ್ನೊಬ್ಬರ ತಲೆಯನ್ನು ಅವನು ಮುಟ್ಟುವಂತಿಲ್ಲ. ಹೀಗೆ ಕಟ್ಟಳೆ ಪುಸ್ತಕದಲ್ಲಿ ಉಳಿಯಿತು. ತಲೆಗಳು ಹೆಗಲ ಮೇಲೆ ಉಳಿದವು.

'ದಿ ಮಿಕಾಡೊ' ಎಂಬ ಹಾಸ್ಯ ಗೀತನಾಟಕದ ಬುನಾದಿ ಇದು. ಲಂಡನ್ನಿನಲ್ಲಿ ಅದು ಮೊದಲು ರಂಗವೇರಿದ್ದು 1885ನೆಯ ಇಸವಿ ಮಾರ್ಚ್ 14ರಂದು. 54 ವರ್ಷಗಳ ಅನಂತರ, 1939ರಲ್ಲಿ, ಅದು ಬಣ್ಣದ ಚಲಚ್ಚಿತ್ರವಾಗಿ ತೆರೆಗೆ ಬಂದಿತು. ಆ ಚಿತ್ರವನ್ನು ಕುರಿತು ನಿಮ್ಮೊಡನೆ ನಾಲ್ಕು ಮಾತು ಹಂಚಿಕೊಳ್ಳಬೇಕೆಂದಿದ್ದೇನೆ. ಚಿತ್ರ ಚೆನ್ನಾಗಿದೆ, ಹಾಡು ಇಂಪಾಗಿದೆ ಎಂದು ಹೇಳಿ ಮುಗಿಸಬಹುದು. ಆದರೆ ಅದನ್ನು ನೋಡುವಾಗ ಒಂದು ಪ್ರಶ್ನೆ ಏಳುತ್ತದೆ. ತಲೆ ಕಡಿಯುವುದು, ಕಾದ ಎಣ್ಣೆಯಲ್ಲಿ ಅದ್ದುವುದು, ಹೆಂಡತಿಯನ್ನು ಜೀವಸಹಿತ ಹೂಳುವುದು: ಈ ನಾಟಕದಲ್ಲಿ ಬರುವ ಮಾತುಗಳು ಇವು. ಇಂಥ ಮಾತಿಗೆ ನಾವು ನಗುವುದಾದರೂ ಹೇಗೆ? ನಗೆಗೆ ಎಷ್ಟು ದೂರ ಬೇಕು? ಆ ದೂರ ಕಡಿಮೆಯಾದಾಗ ಏನಾಗುತ್ತದೆ?

ಮೊದಲು ಕಥೆಯನ್ನು ಮುಗಿಸೋಣ. ಚಕ್ರವರ್ತಿಯ ಮಗ ನಾಂಕಿ-ಪೂ. ಆಸ್ಥಾನದ ಕತಿಶಾ ಎಂಬ ವಯಸ್ಸಾದ, ಉಗ್ರ ಸ್ವಭಾವದ ಹೆಂಗಸು ಅವನನ್ನೇ ಮದುವೆಯಾಗುವೆನೆಂದು ಹಟ ಹಿಡಿದಳು. ಅವನು ವೇಷ ಮರೆಸಿಕೊಂಡು ಓಡಿಬಂದು, ಊರೂರು ತಿರುಗುವ ಹಾಡುಗಾರನಾದನು. ಅವನು ಒಲಿದದ್ದು ಯಮ್-ಯಮ್ ಎಂಬ ಹುಡುಗಿಗೆ. ಅವಳಾದರೋ ದರ್ಜಿ ಕೋ-ಕೋನ ಪೋಷಣೆಯಲ್ಲಿದ್ದಾಳೆ, ಅವನೇ ಅವಳನ್ನು ವರಿಸಬೇಕೆಂದಿದ್ದಾನೆ. ಅಷ್ಟರಲ್ಲಿ ರಾಜಧಾನಿಯಿಂದ ಪತ್ರ ಬರುತ್ತದೆ: ಒಂದು ವರ್ಷದಿಂದ ನಿಮ್ಮ ಊರಿನಲ್ಲಿ ಒಂದು ತಲೆಯೂ ಉರುಳಿಲ್ಲ, ತಿಂಗಳೊಳಗೆ ಯಾರದಾದರೂ ಉರುಳದಿದ್ದರೆ ವಧಾಧಿಕಾರಿಯ ಹುದ್ದೆ ರದ್ದು, ನಗರವು ಹಳ್ಳಿಯಾಗಿ ಇಳಿಯುವುದು! ಕೋ-ಕೋ ತಬ್ಬಿಬ್ಬಾದನು. ಅದೇ ಹೊತ್ತಿಗೆ ಪ್ರೇಮಭಂಗದಿಂದ ನೇಣು ಹಾಕಿಕೊಳ್ಳಲು ಹೊರಟಿದ್ದ ನಾಂಕಿ-ಪೂ ಎದುರಾದನು. ಇಬ್ಬರಿಗೂ ಒಪ್ಪಂದವಾಯಿತು: ಯಮ್-ಯಮ್‌ಳನ್ನು ಅವನು ಒಂದು ತಿಂಗಳ ಮಟ್ಟಿಗೆ ಮದುವೆಯಾಗುವುದು, ತಿಂಗಳು ತುಂಬಿದ ಮೇಲೆ ಕೊಡಲಿಗೆ ಕತ್ತು ಕೊಡುವುದು.

ಇಲ್ಲಿಂದ ಮುಂದೆ ಕಾನೂನಿನ ಒಂದೊಂದು ಕಲಮೂ ಒಂದೊಂದು ಗಂಟು ಹಾಕುತ್ತ ಹೋಗುತ್ತದೆ. ಮದುವೆಯಾದವನ ತಲೆ ತೆಗೆದರೆ ಅವನ ಹೆಂಡತಿಯನ್ನು ಜೀವಂತ ಹೂಳಬೇಕೆಂದು ಇನ್ನೊಂದು ಕಟ್ಟಳೆ ಇರುವುದು ಬೆಳಕಿಗೆ ಬರುತ್ತದೆ. ಚಕ್ರವರ್ತಿಯೇ ಊರಿಗೆ ಬರುತ್ತಿದ್ದಾನೆಂಬ ಸುದ್ದಿ ಬರುತ್ತದೆ. ಕೋ-ಕೋನಿಗೆ ಒಂದು ನೊಣವನ್ನು ಕೂಡ ಕೊಲ್ಲುವ ಧೈರ್ಯವಿಲ್ಲ. ಕಡೆಗೆ ಅವನು ಕಂಡುಕೊಂಡ ದಾರಿಯೇನು? ವಧೆ ಆಗಿದೆಯೆಂದು ಒಂದು ಪ್ರಮಾಣಪತ್ರ ಬರೆಯಿಸುವುದು! ಸಾಕ್ಷಿಗಳು ಬೇಕಲ್ಲ? ಅದಕ್ಕೆ ಪೂ-ಬಾ ಇದ್ದಾನೆ. ದರ್ಜಿಯ ಕೈಕೆಳಗೆ ಕೆಲಸ ಮಾಡುವುದು ಅಪಮಾನವೆಂದು ಊರಿನ ಅಧಿಕಾರಿಗಳೆಲ್ಲ ರಾಜೀನಾಮೆ ಕೊಟ್ಟಾಗ, ಅಷ್ಟೂ ಹುದ್ದೆಗಳನ್ನೂ, ಅಷ್ಟೂ ಸಂಬಳಗಳನ್ನೂ ಒಬ್ಬನೇ ವಹಿಸಿಕೊಂಡ ಮಹಾನುಭಾವ ಅವನು. ಖಜಾನೆಯ ಮುಖ್ಯಸ್ಥ, ಮುಖ್ಯ ನ್ಯಾಯಾಧೀಶ, ಸೇನಾಪತಿ, ನೌಕಾಧಿಪತಿ, ಧರ್ಮಾಧ್ಯಕ್ಷ, ಪುರಾಧ್ಯಕ್ಷ, ಎಲ್ಲವೂ ಅವನೇ. ಮದುವೆಗೆ ಎಷ್ಟು ಖರ್ಚು ಮಾಡಬಹುದೆಂದು ಕೋ-ಕೋ ಕೇಳಿದರೆ, ಯಾವ ಹುದ್ದೆಯಲ್ಲಿ ನಿಂತು ಉತ್ತರ ಹೇಳಲಿ ಎಂದು ಮರುಪ್ರಶ್ನೆ ಹಾಕುತ್ತಾನೆ. ಕಾರ್ಯದರ್ಶಿಯಾಗಿ, ಧಾರಾಳವಾಗಿ ಖರ್ಚು ಮಾಡಿ ಎನ್ನುವವನೂ ಅವನೇ. ಖಜಾನೆಯವನಾಗಿ, ಕೈ ಬಿಗಿಹಿಡಿಯಿರಿ ಎನ್ನುವವನೂ ಅವನೇ. ಇಂಗ್ಲಿಷಿನಲ್ಲಿ ಪೂ-ಬಾ ಎಂಬುದು ಆಮೇಲೆ ಸಾಮಾನ್ಯ ನಾಮವೇ ಆಗಿಹೋಯಿತು. ಹತ್ತು ಹುದ್ದೆ ಹೊತ್ತು ಹೆಮ್ಮೆಯಿಂದ ಬೀಗುವವನಿಗೆ ಇಂದಿಗೂ ಆ ಹೆಸರಿಟ್ಟು ಕರೆಯುವುದುಂಟು.

ಚಕ್ರವರ್ತಿ ಬರುತ್ತಾನೆ, ಜೊತೆಗೆ ಕತಿಶಾ. ಪತ್ರದಲ್ಲಿರುವ ಹೆಸರನ್ನು ಓದಿದಾಗ ಸತ್ತವನು ಯುವರಾಜನೆಂದು ತಿಳಿಯುತ್ತದೆ. ಚಕ್ರವರ್ತಿಗೆ ಸಿಟ್ಟು ಬರುವುದೇ ಇಲ್ಲ. ನಿಮ್ಮದು ತಪ್ಪಲ್ಲವೆಂದು ಬಲ್ಲೆ, ಗೊತ್ತಿಲ್ಲದೆ ಮಾಡಿದ್ದಕ್ಕೆ ಕಾನೂನಿನಲ್ಲಿ ವಿನಾಯಿತಿ ಬರೆದಿಲ್ಲ, ಮುಂದೆ ತಿದ್ದಿಸೋಣ ಎಂದು ಸಮಾಧಾನ ಹೇಳಿ, ಊಟವಾದ ಮೇಲೆ ದಂಡನೆ ಇಟ್ಟುಕೊಳ್ಳೋಣವೆಂದು ಬಹು ಸೌಜನ್ಯದಿಂದ ತಿಳಿಸುತ್ತಾನೆ. ಪಾರಾಗಲು ಒಂದೇ ದಾರಿ: ಕೋ-ಕೋ ಕತಿಶಾಳನ್ನು ಮದುವೆಯಾದರೆ ನಾಂಕಿ-ಪೂ ಬದುಕಿರುವುದನ್ನು ತೋರಿಸಬಹುದು. ಕೋ-ಕೋ ಪ್ರೇಮಭಂಗದಿಂದ ನೀರಿಗೆ ಬಿದ್ದು ಸತ್ತ ಒಂದು ಪುಟ್ಟ ಹಕ್ಕಿಯ ಹಾಡು ಹೇಳುತ್ತಾನೆ; ಆ ಹೆಂಗಸಿನ ಕಲ್ಲುಮನಸ್ಸು ಕರಗುತ್ತದೆ. ಯುವರಾಜ ಜೀವಂತ ನಿಂತಾಗ, ಹಾಗಾದರೆ ಈ ಪ್ರಮಾಣಪತ್ರದ ಗತಿಯೇನು? ಕೋ-ಕೋ ಕೊಡುವ ಉತ್ತರವೇ ಇಡೀ ನಾಟಕದ ಕೀಲಿಕೈ. ಪ್ರಭುಗಳು ಒಂದು ಕೆಲಸ ಆಗಲೆಂದು ಅಪ್ಪಣೆ ಮಾಡಿದರೆ ಅದು ಆದಂತೆಯೇ. ಆದಂತೆಯೇ ಆದಮೇಲೆ ಆಗಿದೆಯೆಂದು ಬರೆದರೆ ತಪ್ಪೇನು? ಚಕ್ರವರ್ತಿಗೆ ಈ ತರ್ಕ ಪೂರ್ತಿ ಒಪ್ಪಿಗೆಯಾಗುತ್ತದೆ.

ಇದನ್ನು ಬರೆದವನು ವಿಲಿಯಂ ಗಿಲ್ಬರ್ಟ್. ರಾಗ ಹಾಕಿದವನು ಆರ್ಥರ್ ಸಲಿವನ್. ಗಿಲ್ಬರ್ಟ್ ಮೊದಲು ವಕೀಲನಾಗಿದ್ದವನು. ಕಕ್ಷಿಗಾರರು ಹೆಚ್ಚಾಗಿ ಬರಲಿಲ್ಲ, ಆದರೆ ಕಾನೂನಿನ ಭಾಷೆ ಅವನ ನಾಲಗೆಯಲ್ಲಿ ನಿಂತಿತು. ಸಲಿವನ್ ಚರ್ಚಿನ ಸಂಗೀತದಲ್ಲಿ ಬೆಳೆದವನು, ಗಂಭೀರ ಕೃತಿಗಳನ್ನು ರಚಿಸಿ 1883ರಲ್ಲಿ 'ಸರ್' ಪದವಿ ಪಡೆದವನು. ಇವರಿಬ್ಬರನ್ನೂ ಒಂದೆಡೆ ಹಿಡಿದು ಕೂಡಿಸಿದವನು ರಿಚರ್ಡ್ ಡಾಯ್ಲಿ ಕಾರ್ಟ್ ಎಂಬ ನಾಟಕ ಸಂಸ್ಥೆಯ ಯಜಮಾನ. ಇವರ ಗೀತನಾಟಕಗಳಿಗಾಗಿಯೇ ಅವನು 1881ರಲ್ಲಿ ಲಂಡನ್ನಿನಲ್ಲಿ ಸವಾಯ್ ರಂಗಮಂದಿರವನ್ನು ಕಟ್ಟಿಸಿದನು. ಒಳಗೂ ಹೊರಗೂ ವಿದ್ಯುದ್ದೀಪಗಳಿಂದಲೇ ಬೆಳಗಿದ ಮೊದಲ ಸಾರ್ವಜನಿಕ ಕಟ್ಟಡವೆಂದು ಅದಕ್ಕೆ ಹೆಸರು. ಅಲ್ಲಿ 'ಮಿಕಾಡೊ' ಮೊದಲ ಸರದಿಯಲ್ಲೇ 672 ಪ್ರಯೋಗಗಳನ್ನು ಕಂಡಿತು.

ಹಾಸ್ಯ ಗೀತನಾಟಕವೆಂದರೆ ಆದ್ಯಂತ ಹಾಡೇ ಆಗಿರುವುದಿಲ್ಲ. ನಮ್ಮ ಕಂಪೆನಿ ನಾಟಕಗಳಲ್ಲಿದ್ದಂತೆ ಮಾತಿನ ನಡುವೆ ಹಾಡು, ಹಾಡಿನ ನಡುವೆ ಮಾತು. ಆದರೆ ಗಿಲ್ಬರ್ಟನ ನಗೆಯ ಗುಟ್ಟು ಬೇರೆ. ನಟರಲ್ಲಿ ಯಾರೂ ತಾವು ನಗಿಸುತ್ತಿದ್ದೇವೆಂದು ತೋರಿಸಿಕೊಳ್ಳಬಾರದೆಂದು ಅವನ ಕಟ್ಟುನಿಟ್ಟು. ಅತ್ಯಂತ ಅಸಂಬದ್ಧವಾದ ಮಾತನ್ನು ಅತ್ಯಂತ ಗಾಂಭೀರ್ಯದಿಂದ, ನಂಬಿಕೆಯಿಂದ ಆಡಬೇಕು. ಸಲಿವನ್ನನ ಸಂಗೀತವೂ ಹಾಗೆಯೇ. ತಲೆ ಹೋಗುವ ಮಾತು ಬಂದಾಗ ಅವನು ವಾದ್ಯಗಳಿಂದ ಕುಚೋದ್ಯ ಮಾಡಿಸುವುದಿಲ್ಲ. ನಿಜವಾದ ದುಃಖಕ್ಕೆ ಸಲ್ಲುವ ರಾಗವನ್ನೇ ಹಾಕುತ್ತಾನೆ. ಪುಟ್ಟ ಹಕ್ಕಿಯ ಹಾಡನ್ನು ಭಾಷೆ ತಿಳಿಯದವರು ಕೇಳಿದರೆ ಅದು ಪ್ರಾಮಾಣಿಕವಾದ ಶೋಕಗೀತೆಯೆಂದೇ ಭಾವಿಸಿಯಾರು. ಮಾತು ಒಂದು ಕಡೆಗೆ, ರಾಗ ಒಂದು ಕಡೆಗೆ ಎಳೆಯುವಾಗ ನಡುವೆ ಹುಟ್ಟುವುದೇ ನಗೆ. ಬಾನುಲಿಯಲ್ಲಿ ಕೇಳುವವರಿಗೆ ಈ ಗೀತನಾಟಕ ಚೆನ್ನಾಗಿ ಒಗ್ಗುವುದಕ್ಕೆ ಇದೇ ಕಾರಣ. ಕಣ್ಣು ಮುಚ್ಚಿ ಕುಳಿತರೂ ಈ ಎಳೆದಾಟ ಕಿವಿಗೆ ಸ್ಪಷ್ಟವಾಗಿ ಬೀಳುತ್ತದೆ.

ಇನ್ನು ಜಪಾನಿನ ವಿಷಯ. 1885ರ ಜನವರಿಯಲ್ಲಿ ಲಂಡನ್ನಿನ ನೈಟ್ಸ್‌ಬ್ರಿಜ್ ಎಂಬಲ್ಲಿ ಒಂದು ಜಪಾನೀ ಹಳ್ಳಿಯ ಪ್ರದರ್ಶನ ತೆರೆಯಿತು. ಜಪಾನಿನಿಂದ ಬಂದ ಕುಶಲಿಗಳು ಅಲ್ಲಿ ತಮ್ಮ ಕಸುಬುಗಳನ್ನು ಮಾಡಿ ತೋರಿಸುತ್ತಿದ್ದರು. ಊರಿಗೆ ಊರೇ ಬೀಸಣಿಗೆ, ಪರದೆ, ರೇಷ್ಮೆ ನಿಲುವಂಗಿಗಳ ಹುಚ್ಚಿಗೆ ಬಿದ್ದಿದ್ದ ಕಾಲ. ಗಿಲ್ಬರ್ಟ್ ತನ್ನ ನಟನಟಿಯರಿಗೆ ಹೆಜ್ಜೆ ಹಾಕುವ, ಬೀಸಣಿಗೆ ಬಿಡಿಸುವ ರೀತಿಯನ್ನು ಆ ಹಳ್ಳಿಯವರಿಂದ ಕಲಿಸಿದನು. ಸಲಿವನ್ ಚಕ್ರವರ್ತಿಯ ಪ್ರವೇಶಕ್ಕೆ ಜಪಾನಿನ ನಿಜವಾದ ಒಂದು ದಂಡಿನ ಹಾಡನ್ನೇ ಬಳಸಿಕೊಂಡನು. ಅದು 1868ರ ಸುಮಾರಿನ ಅಂತರ್ಯುದ್ಧದ ಕಾಲದ್ದು. ಆದರೆ ಉಡುಪನ್ನು ಸ್ವಲ್ಪ ಸರಿಸಿ ನೋಡಿದರೆ ಕಾಣುವುದು ಲಂಡನ್ನೇ. ಪಾತ್ರಗಳ ಹೆಸರುಗಳು ಇಂಗ್ಲಿಷ್ ಮಕ್ಕಳ ತೊದಲು ಮಾತುಗಳು. ಪೂ-ಬಾ ಹಿಡಿದಿರುವ ಹುದ್ದೆಗಳು ವಿಕ್ಟೋರಿಯಾ ರಾಣಿಯ ಆಸ್ಥಾನದವು. ಚಕ್ರವರ್ತಿಯ ಸೌಜನ್ಯ, ಊಟದ ವೇಳೆಗೆ ಅವನು ಕೊಡುವ ಮಹತ್ತ್ವ, ಎಲ್ಲವೂ ಆಂಗ್ಲ ದೊಡ್ಡಮನುಷ್ಯನದು. ತನ್ನ ದೇಶದ ಅಧಿಕಾರಿಗಳನ್ನು ಮುಖಕ್ಕೆ ಮುಖ ಕೊಟ್ಟು ಹಾಸ್ಯ ಮಾಡಿದ್ದರೆ ಸಹಿಸುತ್ತಿದ್ದರೋ ಇಲ್ಲವೋ. ಆರು ಸಾವಿರ ಮೈಲಿ ದೂರದ ವೇಷ ಹಾಕಿದೊಡನೆ ಅವರೂ ಬಂದು ಕುಳಿತು ನಕ್ಕರು. ನಗೆಗೆ ಬೇಕಾದ ದೂರವನ್ನು ಗಿಲ್ಬರ್ಟ್ ಸಂಪಾದಿಸಿದ ಬಗೆ ಇದು.

ಈ ದೂರ ಎಂದೆಂದಿಗೂ ಒಂದೇ ಸಮನಾಗಿ ಉಳಿಯಲಿಲ್ಲ. 1907ರಲ್ಲಿ ಜಪಾನಿನ ರಾಜಕುಮಾರ ಫುಶಿಮಿ ಇಂಗ್ಲೆಂಡಿಗೆ ರಾಜ್ಯದ ಅತಿಥಿಯಾಗಿ ಬರುವುದಿದ್ದಿತು. ಆಗ ಜಪಾನು ಬ್ರಿಟನ್ನಿನ ಮಿತ್ರರಾಷ್ಟ್ರ. ನಾಟಕಗಳ ಮೇಲೆ ಅಧಿಕಾರವಿದ್ದ ಲಾರ್ಡ್ ಚೇಂಬರ್ಲೇನರು, ಅತಿಥಿಗೆ ನೋವಾಗಬಾರದೆಂದು, ಸುಮಾರು ಆರು ವಾರಗಳ ಕಾಲ 'ಮಿಕಾಡೊ' ಆಟವನ್ನು ನಿಷೇಧಿಸಿದರು. ವೇಷದ ಯಜಮಾನನೇ ಮನೆಬಾಗಿಲಿಗೆ ಬಂದಾಗ ವೇಷಧಾರಿಗಳಿಗೆ ಸಂಕೋಚವಾಯಿತು. ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಿ. ಮುಂದೆ ಇದು ಬೇಕಾಗುತ್ತದೆ.

ಈಗ ಚಿತ್ರಕ್ಕೆ ಬರೋಣ. ರಂಗದ ಮೇಲಿನ ಈ ಆಟವನ್ನು ತೆರೆಗೆ ತರಬೇಕೆಂದು ಮುಂದಾದವನು ಜೆಫ್ರಿ ಟಾಯ್. ಹಿಂದೆ ಡಾಯ್ಲಿ ಕಾರ್ಟ್ ಸಂಸ್ಥೆಯಲ್ಲಿಯೇ ವಾದ್ಯಮೇಳದ ನಿರ್ದೇಶಕನಾಗಿದ್ದ ಅವನು ಚಿತ್ರದ ನಿರ್ಮಾಪಕನೂ ಆದನು, ಲಂಡನ್ ಸಿಂಫನಿ ವಾದ್ಯವೃಂದವನ್ನೂ ನಡೆಸಿದನು. ಚಿತ್ರದ ನಿರ್ದೇಶಕ ವಿಕ್ಟರ್ ಶರ್ಟ್‌ಸಿಂಗರ್, ಹಾಲಿವುಡ್ಡಿನವನು. ಅವನೂ ಸಂಗೀತಗಾರನೇ. ಮೂಕಚಿತ್ರಗಳ ಕಾಲದಲ್ಲಿ, 1916ರಲ್ಲಿ, 'ಸಿವಿಲೈಜೇಷನ್' ಎಂಬ ಚಿತ್ರಕ್ಕೆಂದೇ ಸಂಗೀತ ರಚಿಸಿದವನು. 1934ರ 'ಒನ್ ನೈಟ್ ಆಫ್ ಲವ್' ಚಿತ್ರದಿಂದ ಸಂಗೀತಚಿತ್ರಗಳ ನಿರ್ದೇಶಕನೆಂದು ಹೆಸರಾದವನು. ಚಿತ್ರೀಕರಣ ನಡೆದದ್ದು ಲಂಡನ್ನಿನ ಹೊರವಲಯದ ಪೈನ್‌ವುಡ್ ಸ್ಟುಡಿಯೋದಲ್ಲಿ, 1938ರಲ್ಲಿ.

ಬಣ್ಣದ ಮಾತನ್ನು ಇಲ್ಲಿ ಹೇಳಲೇಬೇಕು. ಆ ಕಾಲದ ಟೆಕ್ನಿಕಲರ್ ಕ್ಯಾಮೆರಾದೊಳಗೆ ಒಂದಲ್ಲ, ಮೂರು ಫಿಲ್ಮ್ ಸುರುಳಿಗಳು ಏಕಕಾಲದಲ್ಲಿ ಓಡುತ್ತಿದ್ದವು. ಮಸೂರದಿಂದ ಬಂದ ಬೆಳಕನ್ನು ಒಂದು ಪಟ್ಟಕ ಸೀಳಿ, ಕೆಂಪು, ಹಸುರು, ನೀಲಿ ಎಂದು ಬೇರೆಬೇರೆಯಾಗಿ ದಾಖಲು ಮಾಡುತ್ತಿತ್ತು. ಆಮೇಲೆ ಪ್ರಯೋಗಶಾಲೆಯಲ್ಲಿ ಈ ಮೂರರಿಂದ ಅಚ್ಚು ತಯಾರಿಸಿ, ಬಟ್ಟೆಗೆ ಬಣ್ಣದ ಅಚ್ಚೊತ್ತುವಂತೆ ಒಂದರ ಮೇಲೊಂದು ವರ್ಣವನ್ನು ಒತ್ತುತ್ತಿದ್ದರು. ಇದಕ್ಕೆ ಸಾಧಾರಣ ಚಿತ್ರಕ್ಕಿಂತ ಬಹುಪಾಲು ಹೆಚ್ಚು ಬೆಳಕು ಬೇಕು. ಆ ದೀಪಗಳ ಬೇಗೆಯಲ್ಲಿ ದಪ್ಪ ರೇಷ್ಮೆಯ ಉಡುಪು ತೊಟ್ಟು ಹಾಡಿ ಕುಣಿಯಬೇಕು. ಫಲ ಮಾತ್ರ ಕಣ್ಣಿಗೆ ಹಬ್ಬ. ಮಾರ್ಸೆಲ್ ವೆರ್ತೆಸ್ ಎಂಬ ಕಲಾವಿದನು ರೂಪಿಸಿದ ಉಡುಪುಗಳು ತಿಳಿ ಗುಲಾಬಿ, ಹಾಲುಹಸುರು, ನಸುನೀಲಿ ಬಣ್ಣಗಳಲ್ಲಿ ಪಿಂಗಾಣಿಯ ತಟ್ಟೆಯ ಮೇಲಿನ ಚಿತ್ರಗಳಂತೆ ಕಾಣುತ್ತವೆ. ಛಾಯಾಗ್ರಾಹಕರಾದ ವಿಲಿಯಂ ಸ್ಕಾಲ್ ಮತ್ತು ಬರ್ನಾರ್ಡ್ ನೋಲ್ಸ್ ಅವರ ಕೆಲಸ ಆ ವರ್ಷದ ಆಸ್ಕರ್ ಬಹುಮಾನಕ್ಕೆ ಸೂಚಿತವಾಗಿದ್ದಿತು. ಬಹುಮಾನ 'ಗಾನ್ ವಿತ್ ದಿ ವಿಂಡ್' ಚಿತ್ರಕ್ಕೆ ಹೋಯಿತು.

ನಟವರ್ಗದಲ್ಲಿ ಎರಡು ಲೋಕಗಳು ಸೇರಿವೆ. ನಾಂಕಿ-ಪೂ ಪಾತ್ರಕ್ಕೆ ಬಂದವನು ಕೆನ್ನಿ ಬೇಕರ್ ಎಂಬ ಅಮೆರಿಕದ ಯುವಕ. ಅವನು ಬಾನುಲಿಯ ಕೂಸು. ಹಾಸ್ಯನಟ ಜ್ಯಾಕ್ ಬೆನ್ನಿಯ ಕಾರ್ಯಕ್ರಮದಲ್ಲಿ ಹಾಡಿ ಅಮೆರಿಕದ ಮನೆಮನೆಗೆ ಪರಿಚಿತನಾಗಿದ್ದವನು. ಮೈಕಿನ ಮುಂದೆ ಮೆಲ್ಲಗೆ ಹಾಡಿ ರೂಢಿಯಾದ ಅವನ ಕಂಠ ಮೃದು, ಅನುನಯದ್ದು. ಅವನ ಎದುರಿಗೆ ಡಾಯ್ಲಿ ಕಾರ್ಟ್ ಸಂಸ್ಥೆಯ ಪಳಗಿದ ನಟರು: ಕೋ-ಕೋ ಆಗಿ ಮಾರ್ಟಿನ್ ಗ್ರೀನ್, ಪೂ-ಬಾ ಆಗಿ ಸಿಡ್ನಿ ಗ್ರಾನ್‌ವಿಲ್, ಮೇಳದವರೂ ಆ ಸಂಸ್ಥೆಯವರೇ. ಇವರ ಗಂಟಲು ರಂಗಮಂದಿರದ ಕೊನೆಯ ಸಾಲಿಗೆ ಪ್ರತಿಯೊಂದು ಅಕ್ಷರವನ್ನೂ ಮುಟ್ಟಿಸಲು ತರಬೇತಾದುದು. ಯಮ್-ಯಮ್ ಆಗಿ ಜೀನ್ ಕಾಲಿನ್, ಕತಿಶಾ ಆಗಿ ಕಾನ್‌ಸ್ಟನ್ಸ್ ವಿಲಿಸ್, ಚಕ್ರವರ್ತಿಯಾಗಿ ಜಾನ್ ಬಾರ್ಕ್‌ಲೇ. ಬೇಕರನ ಮೃದುತ್ವ ಮತ್ತು ಉಳಿದವರ ಖಚಿತತೆ ಒಂದಕ್ಕೊಂದು ಪೂರ್ತಿ ಬೆಸೆಯಲಿಲ್ಲವೆಂಬುದು ನನ್ನ ಅನಿಸಿಕೆ. ಆದರೂ ಒಲುಮೆಯ ಹಾಡುಗಳಲ್ಲಿ ಅವನ ಕಂಠ ಕೇಳಲು ಹಿತವಾಗಿದೆ.

ಡಾಯ್ಲಿ ಕಾರ್ಟ್ ಸಂಸ್ಥೆಯಲ್ಲಿ ಒಂದು ಸಂಪ್ರದಾಯವಿತ್ತು. ಗಿಲ್ಬರ್ಟ್ ಕಲಿಸಿದ ನಿಲುವು, ಕೈಯ ಚಲನೆ, ಬೀಸಣಿಗೆಯ ಪಟ್ಟು, ಯಾವುದನ್ನೂ ಬದಲಿಸದೆ ನಟರಿಂದ ನಟರಿಗೆ ದಾಟಿಸುತ್ತ ಬಂದಿದ್ದರು. ಆ ಸಂಸ್ಥೆ 1982ರಲ್ಲಿ ಬಾಗಿಲು ಮುಚ್ಚಿತು. ಆಮೇಲೆ ಪುನರಾರಂಭವಾದರೂ ಹಳೆಯ ಎಳೆ ತುಂಡಾಗಿತ್ತು. ಹಾಗಾಗಿ 1939ರ ಚಿತ್ರ ಒಂದು ಬಗೆಯ ಓಲೆಗರಿಯೂ ಆಗಿದೆ. ಕೋ-ಕೋನ ಕಾಲುಗಳನ್ನು ಗಮನಿಸಿ. ಭಯದಲ್ಲಿ, ಸಂಭ್ರಮದಲ್ಲಿ, ನಾಚಿಕೆಯಲ್ಲಿ ಆ ಕಾಲುಗಳು ಒಡೆಯನಿಗಿಂತ ಮೊದಲೇ ಉತ್ತರ ಹೇಳುತ್ತವೆ. 1959ರಲ್ಲಿ ನ್ಯೂಯಾರ್ಕಿನಲ್ಲಿ ಲಿಫ್ಟೊಂದರ ಅಪಘಾತಕ್ಕೆ ಸಿಕ್ಕಿ ಮಾರ್ಟಿನ್ ಗ್ರೀನ್ ಒಂದು ಕಾಲನ್ನು ಕಳೆದುಕೊಂಡನು. ಅಷ್ಟಕ್ಕೆ ಕೈಚೆಲ್ಲದೆ ಮತ್ತೆ ರಂಗವೇರಿ, 1975ರಲ್ಲಿ ತೀರಿಕೊಳ್ಳುವ ತನಕ ಕಲೆಯಲ್ಲೇ ಬದುಕಿದನು. ಅವನ ಹಳೆಯ ಕುಣಿತವನ್ನು ನೋಡಬೇಕಾದರೆ ಈ ಚಿತ್ರವಿದೆ.

ರಂಗದ ಕೃತಿಯನ್ನು ತೊಂಬತ್ತು ನಿಮಿಷಗಳ ಚಿತ್ರವಾಗಿಸುವಾಗ ಕೆಲವನ್ನು ಸೇರಿಸಬೇಕು, ಕೆಲವನ್ನು ಬಿಡಬೇಕು. ಯುವರಾಜ ಅರಮನೆಯಿಂದ ಓಡಿಹೋದುದನ್ನು ನಾಟಕದಲ್ಲಿ ಮಾತಿನಿಂದ ತಿಳಿಯುತ್ತೇವೆ. ಚಿತ್ರದಲ್ಲಿ ಮೊದಲಿಗೇ ಅದನ್ನು ಮೂಕಾಭಿನಯದಲ್ಲಿ ತೋರಿಸಿದ್ದಾರೆ. ಯಮ್-ಯಮ್ ತನ್ನ ಮದುವೆಯ ದಿನ ಸೂರ್ಯಚಂದ್ರರನ್ನು ಕುರಿತು ಹಾಡುವ ಗೀತೆಯನ್ನು ಚಿತ್ರದಲ್ಲಿ ನಾಂಕಿ-ಪೂ ಕೂಡ ಮೊದಲೇ ಅವಳ ಕಿಟಕಿಯ ಕೆಳಗೆ ನಿಂತು ಹಾಡುತ್ತಾನೆ. ಬಿಟ್ಟುದರಲ್ಲಿ ಮುಖ್ಯವಾದುದು ಕೋ-ಕೋನ ಪಟ್ಟಿಯ ಹಾಡು. ತಲೆ ತೆಗೆಯಬೇಕಾಗಿ ಬಂದರೆ ಇರಲೆಂದು, ಹೋದರೂ ಯಾರಿಗೂ ನಷ್ಟವಿಲ್ಲದವರ ಒಂದು ಪಟ್ಟಿಯನ್ನು ಅವನು ಕಿಸೆಯಲ್ಲಿಟ್ಟುಕೊಂಡಿದ್ದಾನೆ. ರಂಗದ ಮೇಲೆ ಇದು ಎಲ್ಲಕ್ಕಿಂತ ಜನಪ್ರಿಯವಾದ ಹಾಡುಗಳಲ್ಲಿ ಒಂದು. ಆಯಾ ಕಾಲದ ನಟರು ಆಯಾ ಕಾಲದ ಕಿರುಕುಳದ ಮಂದಿಯನ್ನು ಅದರಲ್ಲಿ ಸೇರಿಸುವುದು ವಾಡಿಕೆ. ಈ ಹಾಡನ್ನು ಚಿತ್ರೀಕರಿಸಿ, ಆಮೇಲೆ ಕತ್ತರಿಸಿದರು. 2011ರಲ್ಲಿ ಚಿತ್ರವನ್ನು ಡಿವಿಡಿಯಲ್ಲಿ ಹೊರತಂದಾಗ ಆ ತುಣುಕನ್ನೂ ಜೊತೆಗೆ ಸೇರಿಸಿದರು.

ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಈಗ ಹಿಂದಿರುಗೋಣ. ರಂಗದ ಮೇಲಿನ ಕೊಡಲಿ ರಟ್ಟಿನದೆಂದು ಎಲ್ಲರಿಗೂ ಗೊತ್ತು. ನಟನಿಗೂ ನಮಗೂ ನಡುವೆ ದೀಪಗಳ ಸಾಲಿದೆ. ಕ್ಯಾಮೆರಾ ಆ ಸಾಲನ್ನು ದಾಟಿ ಒಳಗೆ ಹೋಗುತ್ತದೆ. ಕೋ-ಕೋನ ಮುಖವನ್ನು ಗೇಣುದೂರದಲ್ಲಿ ತೋರಿಸುತ್ತದೆ. ಅಲ್ಲಿ ಕಾಣುವುದು ವಿದೂಷಕನ ಚೇಷ್ಟೆಗಿಂತ ಹೆಚ್ಚಾಗಿ, ತಾನು ಬಯಸದ ಅಧಿಕಾರವನ್ನು ತಲೆಯ ಮೇಲೆ ಹೊರಿಸಿಕೊಂಡ ಒಬ್ಬ ಸಣ್ಣ ಮನುಷ್ಯನ ನಿಜವಾದ ಅಂಜಿಕೆ. ಕೊಲ್ಲಲಾರೆನೆಂದು ಅವನು ಬಿಕ್ಕಿದಾಗ ನಗು ಬರುತ್ತದೆ, ಜೊತೆಗೇ ಅವನ ಮೇಲೆ ಒಂದು ಬಗೆಯ ಗೌರವವೂ ಹುಟ್ಟುತ್ತದೆ. ಕೊಡಲಿ ಕೈಯಲ್ಲಿದ್ದೂ ಎತ್ತಲಾರದವನು ಅವನು. ಇಲ್ಲಿ ದೂರ ಕಡಿಮೆಯಾದುದರಿಂದ ನಗೆಗೆ ನಷ್ಟವಾಗಲಿಲ್ಲ, ಲಾಭವೇ ಆಯಿತು.

ಎರಡನೆಯದು ಕಾಲದ ದೂರ. ಚಿತ್ರ ಹೊರಬಂದ 1939ರ ಸೆಪ್ಟೆಂಬರಿನಲ್ಲಿಯೇ ಯೂರೋಪಿನಲ್ಲಿ ಮಹಾಯುದ್ಧ ಹತ್ತಿತು. ಜಪಾನು 1937ರಿಂದಲೇ ಚೀನಾ ದೇಶದಲ್ಲಿ ಯುದ್ಧ ಹೂಡಿತ್ತು. ಇಲ್ಲದಿದ್ದರೂ ನಷ್ಟವಿಲ್ಲದವರೆಂದು ಮನುಷ್ಯರ ಪಟ್ಟಿ ಬರೆಯುವವರು ಆ ಹೊತ್ತಿಗೆ ನಾಟಕದ ಹೊರಗೆ, ನಿಜವಾದ ಕಚೇರಿಗಳಲ್ಲಿ ಕುಳಿತಿದ್ದರು. ಆ ವರ್ಷಗಳನ್ನು ಬಲ್ಲವರಿಗೆ ಕತ್ತರಿಸಿದ ಆ ಹಾಡಿನ ತುಣುಕನ್ನು ನೋಡುವಾಗ ತುಟಿಯ ಮೇಲಿನ ನಗು ಅರ್ಧಕ್ಕೆ ನಿಲ್ಲುತ್ತದೆ. ಅದೇ ಹಾಡಿನಲ್ಲಿ ಕರಿಯ ಜನರನ್ನು ಕುರಿತ ಒಂದು ಕೀಳು ಮಾತಿತ್ತು; 1948ರಲ್ಲಿ ಅಮೆರಿಕದವರ ಆಕ್ಷೇಪದ ಮೇಲೆ ಡಾಯ್ಲಿ ಕಾರ್ಟ್ ಸಂಸ್ಥೆಯೇ ಲೇಖಕ ಎ. ಪಿ. ಹರ್ಬರ್ಟರಿಂದ ಅದನ್ನು ತಿದ್ದಿಸಿತು. ಒಂದು ಚಲನೆಯನ್ನೂ ಬದಲಿಸದ ಸಂಸ್ಥೆ ಒಂದು ಮಾತನ್ನು ಬದಲಿಸಿತೆಂದರೆ, ನಗೆ ಯಾರ ಮೇಲೆ ಬೀಳುತ್ತದೆಂಬ ಎಚ್ಚರ ಅದಕ್ಕೂ ಬಂದಿತೆಂದು ಅರ್ಥ.

ಮೂರನೆಯದು ವೇಷ. ಚಿತ್ರದಲ್ಲಿ ಕಣ್ಣಿನ ಅಂಚನ್ನು ಬಣ್ಣದಿಂದ ಎಳೆದುಕೊಂಡ ಬಿಳಿಯರು ಜಪಾನೀಯರಾಗಿ ನಟಿಸಿದ್ದಾರೆ. 1885ರ ಲಂಡನ್ನಿಗೆ ಜಪಾನು ದೂರದ ಕಥೆ. ಇಂದು ಹಾಗಿಲ್ಲ. 2015ರಲ್ಲಿ ನ್ಯೂಯಾರ್ಕಿನ ಒಂದು ಪ್ರಸಿದ್ಧ ಮೇಳ ಈ ಆಟವನ್ನು ಹಳೆಯ ರೀತಿಯಲ್ಲೇ ಆಡಲು ಹೊರಟಾಗ, ಏಷ್ಯಾ ಮೂಲದ ಕಲಾವಿದರು ಮತ್ತು ಪ್ರೇಕ್ಷಕರು ತಮ್ಮ ನೋವನ್ನು ಹೇಳಿಕೊಂಡರು, ಆಟವನ್ನು ಹಿಂತೆಗೆದುಕೊಂಡರು. 1907ರಲ್ಲಿ ಮನೆಬಾಗಿಲಿಗೆ ಬಂದವನು ಒಬ್ಬ ರಾಜಕುಮಾರ. ಈಗ ವೇಷದ ಒಡೆಯರು ಅದೇ ಸಭಾಂಗಣದಲ್ಲಿ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದಾರೆ. ರಾಜಕುಮಾರನಿಗಾಗಿ ಆರು ವಾರ ಆಟ ನಿಲ್ಲಿಸಬಹುದಾದರೆ, ಸಾಮಾನ್ಯ ಜನರ ಮಾತಿಗೆ ಕಿವಿಗೊಡುವುದು ಅತಿಯಾದ ನಯವೆಂದು ಹೇಳಲು ನನಗೆ ಬಾಯಿ ಬಾರದು.

ಹಾಗಾದರೆ ಕೃತಿಯನ್ನೇ ಕಟ್ಟಿಡಬೇಕೆ? ಬೇಕಿಲ್ಲವೆಂಬುದಕ್ಕೆ ಇತಿಹಾಸದಲ್ಲಿಯೇ ಆಧಾರವಿದೆ. 1938ರಲ್ಲಿ ಷಿಕಾಗೋ ನಗರದಲ್ಲಿ ನೀಗ್ರೋ ಕಲಾವಿದರು 'ಸ್ವಿಂಗ್ ಮಿಕಾಡೊ' ಎಂದು ಇದನ್ನೇ ತಮ್ಮ ಲಯಕ್ಕೆ ಹೊಂದಿಸಿ, ದಕ್ಷಿಣ ಸಮುದ್ರದ ಒಂದು ದ್ವೀಪಕ್ಕೆ ಸ್ಥಳ ಬದಲಿಸಿ ಆಡಿದರು. 1939ರಲ್ಲಿ ನ್ಯೂಯಾರ್ಕಿನಲ್ಲಿ 'ಹಾಟ್ ಮಿಕಾಡೊ' ಬಂದಿತು. ಹೆಸರಾಂತ ನರ್ತಕ ಬಿಲ್ ರಾಬಿನ್ಸನ್ ಅದರಲ್ಲಿ ಚಕ್ರವರ್ತಿಯಾದನು. 1986ರಲ್ಲಿ ಲಂಡನ್ನಿನ ಇಂಗ್ಲಿಷ್ ನ್ಯಾಷನಲ್ ಆಪೆರಾದಲ್ಲಿ ಜೊನಾಥನ್ ಮಿಲ್ಲರ್ ಎಂಬ ನಿರ್ದೇಶಕನು ಜಪಾನಿನ ಉಡುಪನ್ನು ಪೂರ್ತಿ ಕಿತ್ತುಹಾಕಿ, ಸಮುದ್ರತೀರದ ಒಂದು ಆಂಗ್ಲ ಹೋಟೆಲಿನಲ್ಲಿ ಕಥೆಯನ್ನು ನಡೆಸಿದನು. ಬೀಸಣಿಗೆ ಹೋಯಿತು, ನಿಲುವಂಗಿ ಹೋಯಿತು; ನಗೆ ಹೋಗಲಿಲ್ಲ. ನಗೆಯ ಬೇರು ವೇಷದಲ್ಲಿರಲಿಲ್ಲವೆಂದು ಇದರಿಂದ ಸಿದ್ಧವಾಯಿತು.

ಆ ಬೇರು ಎಲ್ಲಿದೆ? ಪ್ರಮಾಣಪತ್ರದಲ್ಲಿದೆ ಎಂದು ನನಗೆ ತೋರುತ್ತದೆ. ಟಿಟಿಪುವಿನಲ್ಲಿ ಒಬ್ಬನು ಸತ್ತನೋ ಬದುಕಿದನೋ ಎಂಬುದು ಅವನ ಉಸಿರಿನಿಂದ ತೀರ್ಮಾನವಾಗುವುದಿಲ್ಲ, ಕಾಗದದಿಂದ ತೀರ್ಮಾನವಾಗುತ್ತದೆ. ನಿವೃತ್ತಿ ವೇತನ ಪಡೆಯುವ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಇದನ್ನು ಹೆಚ್ಚು ವಿವರಿಸಬೇಕಾದುದಿಲ್ಲ. ವರ್ಷಕ್ಕೊಮ್ಮೆ, ತಾವು ಬದುಕಿದ್ದೇವೆಂದು ಅವರು ರುಜುವಾತು ಕೊಡಬೇಕು. ಬದುಕಿರುವ ಮನುಷ್ಯ ಮೇಜಿನ ಮುಂದೆ ನಿಂತು, 'ಸ್ವಾಮಿ, ನಾನು ಇದ್ದೇನೆ' ಎಂದರೆ ಸಾಲದು. ಇದ್ದಾನೆಂದು ದಾಖಲೆಯಲ್ಲಿ ಏರಬೇಕು. ಅದಕ್ಕೆ ಕಾರಣಗಳಿವೆ, ಬಲ್ಲೆ. ಮೋಸ ತಡೆಯಬೇಕು, ಲೆಕ್ಕ ಸರಿಯಿರಬೇಕು. ಆದರೂ ಆ ಮೇಜಿನ ಈಚೆ ಕಡೆ ನಿಂತವರಿಗೆ ಒಂದು ಗಳಿಗೆಯಾದರೂ ತಾವು ಟಿಟಿಪುವಿಗೆ ಬಂದೆವೇನೋ ಎನಿಸದೆ ಇರದು. ಮೇಜಿನ ಆಚೆ ಕಡೆ ಕುಳಿತವನೂ ದುಷ್ಟನಲ್ಲ. ಬಹುಮಟ್ಟಿಗೆ ಅವನು ಕೋ-ಕೋನಂಥ ಸಾಧು. ಅಥವಾ, ಒಂದು ಹುದ್ದೆಯಿಂದ ಒಪ್ಪಿ ಇನ್ನೊಂದು ಹುದ್ದೆಯಿಂದ ನಿರಾಕರಿಸುವ ಪೂ-ಬಾ.

ಗಿಲ್ಬರ್ಟನ ಹಾಸ್ಯದಲ್ಲಿ ಖಳನಾಯಕನಿಲ್ಲ. ಇರುವುದು ಕಾನೂನಿನ ಅಕ್ಷರ, ಅದಕ್ಕೆ ತಲೆಬಾಗಿದ ಒಳ್ಳೆಯ ಜನ. ಚಕ್ರವರ್ತಿ ಕೂಡ ಸಭ್ಯನೇ. ಯಾರೊಬ್ಬರೂ ಕೆಟ್ಟವರಲ್ಲದ ಊರಿನಲ್ಲಿ ಮೂವರು ನಾಲ್ವರು ಎಣ್ಣೆಯ ಕೊಪ್ಪರಿಗೆಯ ಅಂಚಿನವರೆಗೆ ಹೋಗಿ ಬರುತ್ತಾರೆ. ಯಾವ ಸುಳ್ಳಿನಿಂದ ಅಪಾಯ ಹುಟ್ಟಿತೋ ಅದೇ ಸುಳ್ಳನ್ನು ಸತ್ಯವೆಂದು ಒಪ್ಪಿಕೊಂಡು ಪಾರಾಗುತ್ತಾರೆ. ಕಟ್ಟಳೆ ಮಾತ್ರ ಹಾಗೆಯೇ ಉಳಿಯುತ್ತದೆ. ಪರದೆ ಬಿದ್ದ ಮೇಲೂ ಟಿಟಿಪುವಿನಲ್ಲಿ ಸರಸದ ಮಾತಾಡಿದವನಿಗೆ ಮರಣದಂಡನೆಯೇ. ಅದನ್ನು ತೆಗೆದುಹಾಕಬೇಕೆಂದು ಯಾರೂ ಕೇಳಲಿಲ್ಲ. ಕೇಳಲು ಅವರಿಗೆ ತೋಚಲೂ ಇಲ್ಲ.

ಈ ಚಿತ್ರವನ್ನು ನೋಡುವ ಅವಕಾಶ ನಿಮಗೆ ಒದಗಿದರೆ ಬಿಡದೆ ನೋಡಿ. ವೇಷವನ್ನು ಅದು ಹುಟ್ಟಿದ ಕಾಲದ ತಪ್ಪುಒಪ್ಪುಗಳೊಂದಿಗೆ ನೋಡಿ. ಅದು ಇಂದು ಯಾರನ್ನು ನೋಯಿಸುತ್ತದೆಂಬುದನ್ನು ಮನೆಯ ಮಕ್ಕಳಿಗೂ ತಿಳಿಯಹೇಳಿ. ಮೂವರು ಶಾಲಾ ಹುಡುಗಿಯರು ಬೀಸಣಿಗೆ ಹಿಡಿದು ಬರುವ ಹಾಡು ಮಕ್ಕಳಿಗೆ ಖಂಡಿತ ಹಿಡಿಸುತ್ತದೆ. ಹಿರಿಯರು ಮಾತ್ರ ಆ ಪ್ರಮಾಣಪತ್ರ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗುವುದನ್ನು ನೋಡುತ್ತಿರಿ. ಅದನ್ನು ಓದುವಾಗ ಒಬ್ಬನಾದರೂ ಕಾಗದದಿಂದ ಕಣ್ಣೆತ್ತಿ, ಆ ಹುಡುಗ ನಿಜವಾಗಿ ಸತ್ತನೇ, ಶವವೆಲ್ಲಿ ಎಂದು ಕೇಳುತ್ತಾನೆಯೇ ಎಂದು ಗಮನಿಸಿ.